ಹಾಗ್ವಾರ್ಟ್ಸ್ ಟೈಮ್‌ಟೇಬಲ್: ಮಂತ್ರದ ಶಾಲೆಯಲ್ಲಿ ಓದೋದೇನು, ಆಡೋದೇನು?

ಹ್ಯಾರಿ ಪಾಟರ್ ಕತೆಯನ್ನು ಎಚ್‌ಬಿಒ ಹೊಸದಾಗಿ ಟಿವಿ ಸರಣಿಯಾಗಿ ತೆಗೆಯುತ್ತಿದೆ. ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಏಳನೆಯದು 2007ರಲ್ಲಿ. ಸಿನಿಮಾಗಳು 2011ಕ್ಕೇ ಮುಗಿದಿದ್ದವು. ಈಗ ಮತ್ತೆ ಮಕ್ಕಳು ‘ನಾನು ಗ್ರಿಫಿಂಡರ್, ನೀನು ಹಫಲ್‌ಪಫ್’ ಎಂದು ಜಗಳ ಆಡುವ ಕಾಲ. ಪುಸ್ತಕ ಓದದ, ಸಿನಿಮಾವನ್ನು ಅರ್ಧಂಬರ್ಧ ನೋಡಿದ ಅಪ್ಪ ಅಮ್ಮಂದಿರಿಗೆ ಇದರ ತಲೆಬುಡ ತಿಳಿಯುವುದಿಲ್ಲ. ಕೋಲು ಬೀಸಿ ಏನೋ ಅಂದರೆ ಏನೋ ಆಗುತ್ತದೆ, ಅಷ್ಟೇ ಅಲ್ವಾ ಎಂದುಕೊಂಡಿರುತ್ತಾರೆ.

ಅಷ್ಟೇ ಅಲ್ಲ. ನಮ್ಮ ಹಳೆಯ ಕತೆಗಳ ಮಾಂತ್ರಿಕನಿಗೆ ಶಕ್ತಿ ಬರುವುದು ತಪಸ್ಸಿನಿಂದ, ವರದಿಂದ, ಇಲ್ಲವೇ ಯಾರೋ ಕೊಟ್ಟ ಉಂಗುರದಿಂದ. ಈ ಕತೆಯಲ್ಲಿ ಅದನ್ನು ಕ್ಲಾಸಿನಲ್ಲಿ ಕೂತು ಕಲಿಯಬೇಕು. ನೋಟ್ಸ್ ಬರೆಯಬೇಕು, ಪರೀಕ್ಷೆಯಲ್ಲಿ ಪಾಸಾಗಬೇಕು. ಆ ಪಾಠಪಟ್ಟಿ ಅರ್ಥವಾದರೆ ಕತೆಯ ಮುಕ್ಕಾಲು ಪಾಲು ತಾನಾಗಿಯೇ ಅರ್ಥವಾಗುತ್ತದೆ. ಕತೆಯ ಕೆಲವು ಗುಟ್ಟುಗಳು ಮುಂದೆ ಬರುತ್ತವೆ, ಓದಿರದವರು ಸ್ವಲ್ಪ ಹುಷಾರು.

ಇದು ಎಂಥ ಶಾಲೆ?

ಹಾಗ್ವಾರ್ಟ್ಸ್ ಇರುವುದು ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ, ಹಳೆಯ ಕೋಟೆಯೊಂದರಲ್ಲಿ. ಶುರುವಾಗಿ ಸಾವಿರ ವರ್ಷದ ಮೇಲಾಯಿತು ಎನ್ನುತ್ತದೆ ಕತೆ. ಪೂರ್ತಿ ಹಾಸ್ಟೆಲ್ ಶಾಲೆ. 11ನೇ ವಯಸ್ಸಿಗೆ ಸೇರಿದರೆ ಏಳು ವರ್ಷದ ಓದು.

ಸೇರಲು ಅರ್ಜಿ ಇಲ್ಲ, ಎಂಟ್ರೆನ್ಸ್ ಪರೀಕ್ಷೆಯೂ ಇಲ್ಲ. ಮಂತ್ರಶಕ್ತಿ ಹುಟ್ಟಿನಿಂದಲೇ ಬರಬೇಕು. ಇದ್ದವರಿಗೆ ಗೂಬೆಯ ಮೂಲಕ ಪತ್ರ ಬರುತ್ತದೆ. ಅಪ್ಪ ಅಮ್ಮ ಮಾಂತ್ರಿಕರಾಗಿರಲೇಬೇಕು ಎಂದೇನೂ ಇಲ್ಲ. ಮಂತ್ರಶಕ್ತಿ ಇಲ್ಲದ ನಮ್ಮಂಥವರನ್ನು ಅಲ್ಲಿ ‘ಮಗಲ್’ ಎನ್ನುತ್ತಾರೆ. ಕ್ಲಾಸಿನ ಜಾಣೆ ಹರ್ಮಾಯ್ನಿಯ ಅಪ್ಪ ಅಮ್ಮ ಇಬ್ಬರೂ ಮಗಲ್‌ಗಳು, ಹಲ್ಲಿನ ಡಾಕ್ಟರುಗಳು.

ಪತ್ರದ ಜೊತೆ ತರಬೇಕಾದ ಸಾಮಾನಿನ ಪಟ್ಟಿ ಇರುತ್ತದೆ. ಮೂರು ಜೊತೆ ಕಪ್ಪು ನಿಲುವಂಗಿ, ಚೂಪು ಟೋಪಿ, ಮಂತ್ರದಂಡ, ಒಂದು ಕಡಾಯಿ, ಗಾಜಿನ ಶೀಶೆಗಳು, ದುರ್ಬೀನು, ಹಿತ್ತಾಳೆ ತಕ್ಕಡಿ. ಬೇಕಾದರೆ ಗೂಬೆ, ಬೆಕ್ಕು ಅಥವಾ ಕಪ್ಪೆ, ಮೂರರಲ್ಲಿ ಒಂದನ್ನು ತರಬಹುದು. ಮೊದಲ ವರ್ಷದವರು ಸ್ವಂತ ಹಾರುವ ಪೊರಕೆ ತರುವಂತಿಲ್ಲ. ಪುಸ್ತಕ, ಬಟ್ಟೆಗೆ ದುಡ್ಡಿಲ್ಲದ ಮಕ್ಕಳಿಗೆ ಶಾಲೆಯ ನಿಧಿಯಿಂದ ಸಹಾಯ ಸಿಗುತ್ತದೆ. ಸೆಪ್ಟೆಂಬರ್ 1ರಂದು ಬೆಳಗ್ಗೆ 11ಕ್ಕೆ ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಿಂದ ರೈಲು.

ಬಂದ ರಾತ್ರಿಯೇ ಮಕ್ಕಳ ತಲೆಯ ಮೇಲೆ ಒಂದು ಹಳೇ ಟೋಪಿ ಇಡುತ್ತಾರೆ. ಅದು ಮಗುವಿನ ಮನಸ್ಸು ನೋಡಿ ನಾಲ್ಕು ‘ಹೌಸ್’ಗಳಲ್ಲಿ ಒಂದಕ್ಕೆ ಹಾಕುತ್ತದೆ. ಧೈರ್ಯದವರು ಗ್ರಿಫಿಂಡರ್‌ಗೆ, ದುಡಿಮೆ ಮತ್ತು ನಿಷ್ಠೆಯವರು ಹಫಲ್‌ಪಫ್‌ಗೆ, ಬುದ್ಧಿಯವರು ರೇವನ್‌ಕ್ಲಾಗೆ, ಮಹತ್ವಾಕಾಂಕ್ಷೆಯವರು ಸ್ಲಿದರಿನ್‌ಗೆ. ಮಲಗುವುದು, ಊಟಕ್ಕೆ ಕೂರುವುದು, ಕ್ಲಾಸಿಗೆ ಹೋಗುವುದು ಎಲ್ಲ ಆ ಗುಂಪಿನ ಜೊತೆಗೇ. ಒಡಹುಟ್ಟಿದವರೂ ಬೇರೆ ಬೇರೆ ಆಗಬಹುದು. ಹ್ಯಾರಿಯ ಜೊತೆ ಓದುವ ಪಾಟೀಲ್ ಅವಳಿ ಹುಡುಗಿಯರಲ್ಲಿ ಪಾರ್ವತಿ ಗ್ರಿಫಿಂಡರ್, ಪದ್ಮಾ ರೇವನ್‌ಕ್ಲಾ. (ಹೌದು, ನಮ್ಮ ಬೆಳಗಾವಿ, ವಿಜಯಪುರದ ಕಡೆ ಊರೂರಿಗೂ ಸಿಗುವ ಅದೇ ಪಾಟೀಲ್.)

ಈ ಹೌಸ್ ಪದ್ಧತಿ ಲೇಖಕಿ ಜೆ.ಕೆ. ರೋಲಿಂಗ್ ಹುಟ್ಟುಹಾಕಿದ್ದಲ್ಲ. ಬ್ರಿಟನ್ನಿನ ಬೋರ್ಡಿಂಗ್ ಶಾಲೆಗಳದ್ದು. ಬ್ರಿಟಿಷರ ಕಾಲದಲ್ಲಿ ಅದು ನಮ್ಮಲ್ಲಿಗೂ ಬಂತು. ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್ ಸ್ಕೂಲ್ 1865ರಲ್ಲೇ ಶುರುವಾದದ್ದು. ಇವತ್ತು ಜಿಲ್ಲಾ ಕೇಂದ್ರದ ಕಾನ್ವೆಂಟಿನಲ್ಲೂ ರೆಡ್ ಹೌಸ್, ಬ್ಲೂ ಹೌಸ್ ಇರುತ್ತವೆ. ಹಾಗ್ವಾರ್ಟ್ಸ್‌ನ ಬಣ್ಣಗಳೂ ಅವೇ: ಕೆಂಪು, ಹಳದಿ, ನೀಲಿ, ಹಸಿರು. ಪ್ರಿಫೆಕ್ಟ್, ಹೆಡ್ ಬಾಯ್, ಹೆಡ್ ಗರ್ಲ್ ಎಲ್ಲ ಅಲ್ಲೂ ಇದ್ದಾರೆ.

ಎಲ್ಲರೂ ಓದಲೇಬೇಕಾದ ಏಳು ವಿಷಯ

ಮೊದಲ ಐದು ವರ್ಷ ಏಳು ವಿಷಯಗಳು ಕಡ್ಡಾಯ. ಅದರಲ್ಲಿ ಹೊಸಬರನ್ನು ಜಾಸ್ತಿ ಗೊಂದಲಕ್ಕೆ ದೂಡುವುದು ಚಾರ್ಮ್ಸ್ ಮತ್ತು ಟ್ರಾನ್ಸ್‌ಫಿಗರೇಷನ್. ಎರಡರಲ್ಲೂ ಕೋಲು ಬೀಸುತ್ತಾರೆ, ಎರಡರಲ್ಲೂ ಮಂತ್ರ ಹೇಳುತ್ತಾರೆ. ಮತ್ತೆ ವ್ಯತ್ಯಾಸ ಏನು?

ಮೇಜಿನ ಮೇಲೆ ಒಂದು ನಿಂಬೆಹಣ್ಣು ಇದೆ ಅಂದುಕೊಳ್ಳಿ. ಅದು ಗಾಳಿಯಲ್ಲಿ ತೇಲಿದರೆ, ಕುಣಿದರೆ, ಬಣ್ಣ ಬದಲಿಸಿದರೆ ಅದು ಚಾರ್ಮ್ಸ್. ನಿಂಬೆ ನಿಂಬೆಯಾಗಿಯೇ ಇದೆ, ಅದರ ನಡವಳಿಕೆ ಮಾತ್ರ ಬೇರೆ. ಅದೇ ನಿಂಬೆ ಗಿಳಿಯಾಗಿ ಹಾರಿಹೋದರೆ ಅದು ಟ್ರಾನ್ಸ್‌ಫಿಗರೇಷನ್. ಅಲ್ಲಿ ವಸ್ತುವೇ ಬದಲಾಯಿತು. ಎರಡನೆಯದು ಎಷ್ಟೋ ಪಟ್ಟು ಕಷ್ಟ, ಅಪಾಯವೂ ಹೆಚ್ಚು.

ಚಾರ್ಮ್ಸ್ ಕ್ಲಾಸಿನ ಮೊದಲ ದೊಡ್ಡ ಪಾಠ ಹಕ್ಕಿಯ ಗರಿಯೊಂದನ್ನು ತೇಲಿಸುವುದು. ಮಣಿಕಟ್ಟನ್ನು ಇಂಥ ರೀತಿಯಲ್ಲೇ ಬೀಸಿ ಕೊಡವಬೇಕು. ‘ವಿಂಗಾರ್ಡಿಯಮ್ ಲೆವಿಯೋಸಾ’ ಎನ್ನುವಾಗ ‘ಗಾ’ವನ್ನು ಚೆನ್ನಾಗಿ ಎಳೆಯಬೇಕು. ಹ್ರಸ್ವ ದೀರ್ಘ ತಪ್ಪಿದರೆ ಗರಿ ಅಲ್ಲಾಡುವುದಿಲ್ಲ. ರಾನ್ ಎಂಬ ಹುಡುಗ ಕೈ ಬೀಸಿ ಬೀಸಿ ಸುಸ್ತಾಗುತ್ತಾನೆ, ಪಕ್ಕದಲ್ಲಿ ಕೂತ ಹರ್ಮಾಯ್ನಿ ಒಂದೇ ಸಲಕ್ಕೆ ತೇಲಿಸುತ್ತಾಳೆ. ಉಚ್ಚಾರ, ಕೈಚಳಕ, ಗಮನ ಮೂರೂ ಸೇರಿದರೆ ಮಾತ್ರ ಮಂತ್ರ ಫಲಿಸುತ್ತದೆ ಎಂಬುದನ್ನು ಓದುಗರಿಗೆ ಕಲಿಸುವ ಪಾಠವೂ ಇದೇ. ಆರನೇ ವರ್ಷಕ್ಕೆ ಬಂದರೆ ಬಾಯಿ ತೆರೆಯದೆ, ಮನಸ್ಸಿನಲ್ಲೇ ಮಂತ್ರ ಹೇಳುವ ಅಭ್ಯಾಸ ಶುರುವಾಗುತ್ತದೆ. ಎದುರಾಳಿಗೆ ನೀವು ಏನು ಮಾಡುತ್ತೀರಿ ಎಂದು ಮೊದಲೇ ಗೊತ್ತಾಗಬಾರದಲ್ಲ!

ಟ್ರಾನ್ಸ್‌ಫಿಗರೇಷನ್‌ನ ಮೊದಲ ದಿನದ ಕೆಲಸ ಬೆಂಕಿಕಡ್ಡಿಯನ್ನು ಸೂಜಿ ಮಾಡುವುದು. ಮೊದಲು ಪುಟಗಟ್ಟಲೆ ನೋಟ್ಸ್, ಆಮೇಲೆ ತಲೆಗೊಂದು ಕಡ್ಡಿ. ಗಂಟೆ ಹೊಡೆಯುವ ಹೊತ್ತಿಗೆ ಇಡೀ ಕ್ಲಾಸಿನಲ್ಲಿ ಹರ್ಮಾಯ್ನಿಯ ಕಡ್ಡಿ ಮಾತ್ರ ಬೆಳ್ಳಗೆ ಹೊಳೆದು ತುದಿ ಚೂಪಾಗಿರುತ್ತದೆ. ಮರುವರ್ಷ ಜೀರುಂಡೆಯಿಂದ ಗುಂಡಿ, ಐದನೇ ವರ್ಷದಲ್ಲಿ ವಸ್ತುಗಳನ್ನೇ ಮಾಯ ಮಾಡುವುದು. ಮನುಷ್ಯರ ಮೇಲೆ ಕೈಯಿಡುವುದು ಆರನೇ ವರ್ಷದಲ್ಲಿ, ಅದೂ ಹುಬ್ಬಿನ ಬಣ್ಣ ಬದಲಿಸುವುದರಿಂದ. ಅಲ್ಲೂ ರಾನ್ ತನಗೆ ತಾನೇ ಒಂದು ಗಿರಿಜಾ ಮೀಸೆ ಬರಿಸಿಕೊಳ್ಳುತ್ತಾನೆ.

ಈ ವಿದ್ಯೆಗೂ ಮಿತಿ ಇದೆ. ಶೂನ್ಯದಿಂದ ಊಟ ಸೃಷ್ಟಿಸಲು ಆಗುವುದಿಲ್ಲ. ಊಟ ಎಲ್ಲಿದೆ ಎಂದು ಗೊತ್ತಿದ್ದರೆ ತರಿಸಬಹುದು, ಇರುವುದನ್ನು ಹೆಚ್ಚಿಸಬಹುದು. ಕೊನೆಯ ಪುಸ್ತಕದಲ್ಲಿ ಕಾಡಿನಲ್ಲಿ ಅಡಗಿ ಕೂತ ಹ್ಯಾರಿ, ರಾನ್, ಹರ್ಮಾಯ್ನಿ ಹಸಿವಿನಿಂದ ಯಾಕೆ ಒದ್ದಾಡುತ್ತಾರೆ ಎಂದು ಕೇಳುವ ಮಕ್ಕಳಿಗೆ ಉತ್ತರ ಈ ನಿಯಮದಲ್ಲೇ ಇದೆ.

ಮೂರನೆಯದು ಪೋಷನ್ಸ್, ಅಂದರೆ ಮಾಯಾಮದ್ದು ಕುದಿಸುವುದು. ನೆಲಮಾಳಿಗೆಯ ಚಳಿಕೋಣೆಯಲ್ಲಿ ಕ್ಲಾಸು. ಇಲ್ಲಿ ಕೋಲಿಗೆ ಹೆಚ್ಚು ಕೆಲಸವಿಲ್ಲ. ತೂಕ, ಹದ, ಕ್ರಮ, ಎಷ್ಟು ಸಲ ತಿರುವಬೇಕು ಎಂಬ ಲೆಕ್ಕ ಮುಖ್ಯ. ಮೊದಲ ಪಾಠದಲ್ಲಿ ಬೊಕ್ಕೆಗೆ ಮದ್ದು ಮಾಡಿಸುತ್ತಾರೆ. ಒಣಗಿದ ತುರಿಕೆ ಸೊಪ್ಪು ತೂಗಬೇಕು, ಹಾವಿನ ಹಲ್ಲು ಕುಟ್ಟಬೇಕು, ಬಸವನಹುಳ ಬೇಯಿಸಬೇಕು. ಕೊನೆಗೆ ಕಡಾಯಿಯನ್ನು ಒಲೆಯಿಂದ ಇಳಿಸಿ ಆಮೇಲೆ ಮುಳ್ಳುಹಂದಿಯ ಮುಳ್ಳು ಹಾಕಬೇಕು. ಪಾಪದ ಹುಡುಗ ನೆವಿಲ್ ಇಳಿಸುವ ಮೊದಲೇ ಮುಳ್ಳು ಹಾಕಿಬಿಡುತ್ತಾನೆ. ಕಡಾಯಿ ಕರಗಿ ಮುದ್ದೆಯಾಗುತ್ತದೆ, ಮದ್ದು ನೆಲಕ್ಕೆ ಹರಿದು ಎಲ್ಲರ ಶೂ ತೂತಾಗುತ್ತದೆ. ಬೊಕ್ಕೆಯ ಮದ್ದಿನಲ್ಲಿ ನೆನೆದ ನೆವಿಲ್‌ಗೆ ಮೈತುಂಬ ಬೊಕ್ಕೆ ಏಳುತ್ತದೆ.

ಈ ಕ್ಲಾಸಿನ ಸಾಮಾನುಗಳೆಲ್ಲ ಬರೀ ಕಲ್ಪನೆಯಲ್ಲ. ಮೊದಲ ದಿನವೇ ಮೇಷ್ಟ್ರು ಸ್ನೇಪ್ ಕೇಳುವ ‘ಮಾಂಕ್ಸ್‌ಹುಡ್’ ನಿಜವಾದ ವಿಷದ ಗಿಡ, ನಮ್ಮ ಆಯುರ್ವೇದದ ವತ್ಸನಾಭಿಯ ಜಾತಿಯದು. ಆಡಿನ ಹೊಟ್ಟೆಯಲ್ಲಿ ಸಿಗುವ ‘ಬೆಜೋರ್’ ಕಲ್ಲು ವಿಷಕ್ಕೆ ಮದ್ದು ಎಂದು ಯುರೋಪಿನ ರಾಜರೂ ನಂಬಿದ್ದರು.

ಹರ್ಬಾಲಜಿ ಗಿಡಗಳ ಪಾಠ, ನಡೆಯುವುದು ಗಾಜಿನಮನೆಯಲ್ಲಿ. ಎರಡನೇ ವರ್ಷದಲ್ಲಿ ಮ್ಯಾಂಡ್ರೇಕ್ ಸಸಿಗಳನ್ನು ಒಂದು ಕುಂಡದಿಂದ ಇನ್ನೊಂದಕ್ಕೆ ಬದಲಿಸುವ ಪಾಠವಿದೆ. ಅದರ ಬೇರು ಅಳುವ ಕೂಸು. ಬೆಳೆದ ಗಿಡದ ಕೂಗು ಕೇಳಿದರೆ ಸಾವು, ಎಳೆಯದಾದರೆ ಕೆಲವು ಗಂಟೆ ಮೂರ್ಛೆ. ಅದಕ್ಕೇ ಮಕ್ಕಳೆಲ್ಲ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡಿರುತ್ತಾರೆ. ಮ್ಯಾಂಡ್ರೇಕ್ ಕೂಡ ನಿಜವಾದ ಗಿಡ. ಬೇರು ಕವಲೊಡೆದು ಮನುಷ್ಯನ ಆಕಾರದಲ್ಲಿ ಇರುತ್ತದೆ. ಕಿತ್ತರೆ ಕಿರುಚುತ್ತದೆ ಎಂಬುದು ಯುರೋಪಿನ ಬಹಳ ಹಳೆಯ ನಂಬಿಕೆ.

‘ಡಿಫೆನ್ಸ್ ಅಗೇನ್ಸ್ಟ್ ದ ಡಾರ್ಕ್ ಆರ್ಟ್ಸ್’ ಎಂದರೆ ದುಷ್ಟ ಮಂತ್ರ, ದುಷ್ಟ ಜೀವಿಗಳಿಂದ ನಮ್ಮನ್ನು ಕಾಪಾಡಿಕೊಳ್ಳುವ ವಿದ್ಯೆ. ಕತೆಯ ಜೀವಾಳ ಇದೇ ವಿಷಯ. ಇದಕ್ಕೆ ವರ್ಷಕ್ಕೊಬ್ಬ ಮೇಷ್ಟ್ರು ಬದಲಾಗುತ್ತಾರೆ. ಹಿಂದೆ ಖಳನಾಯಕ ವೋಲ್ಡೆಮಾರ್ಟ್ ಈ ಕೆಲಸ ಕೇಳಿದ್ದ, ಕೊಡಲಿಲ್ಲ. ಅಂದಿನಿಂದ ಆ ಹುದ್ದೆಗೆ ಶಾಪ. ಹಾಗಾಗಿ ಪ್ರತಿ ಪುಸ್ತಕದಲ್ಲೂ ಹೊಸ ಮುಖ.

ಮೂರನೇ ವರ್ಷದ ಲೂಪಿನ್ ಮೇಷ್ಟ್ರ ಪಾಠ ಎಲ್ಲಕ್ಕಿಂತ ಚೆಂದ ಎಂಬುದು ನನ್ನ ಎಣಿಕೆ. ಬೀರುವಿನೊಳಗೆ ‘ಬಾಗರ್ಟ್’ ಎಂಬ ಜೀವಿ. ಎದುರಿಗೆ ಬಂದವರು ಯಾವುದಕ್ಕೆ ಹೆಚ್ಚು ಹೆದರುತ್ತಾರೋ ಅದು ಅದೇ ರೂಪ ತಾಳುತ್ತದೆ. ಅದನ್ನು ಗೆಲ್ಲಬೇಕಾದರೆ ನಗೆಪಾಟಲು ಮಾಡಬೇಕು. ನೆವಿಲ್‌ಗೆ ಪೋಷನ್ಸ್ ಮೇಷ್ಟ್ರೆಂದರೆ ಭಯ. ಅವನು ಆ ಮೇಷ್ಟ್ರಿಗೆ ತನ್ನ ಅಜ್ಜಿಯ ಬಟ್ಟೆ, ಟೋಪಿ, ಕೈಚೀಲ ತೊಡಿಸಿಬಿಡುತ್ತಾನೆ. ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತದೆ. ಇದಕ್ಕೆ ತದ್ವಿರುದ್ಧ ಐದನೇ ವರ್ಷದ ಅಂಬ್ರಿಡ್ಜ್ ಮೇಡಂ. ಕೋಲು ಒಳಗಿಡಿ, ಪುಸ್ತಕ ತೆಗೆದು ಓದಿ, ಅಷ್ಟೇ. ಪ್ರಾಕ್ಟಿಕಲ್ ಇಲ್ಲದ ಈ ಪಾಠದಿಂದ ಬೇಸತ್ತ ಮಕ್ಕಳು ಗುಟ್ಟಾಗಿ ಸೇರಿ ತಾವೇ ಅಭ್ಯಾಸ ಶುರು ಮಾಡುತ್ತಾರೆ. ಐದನೇ ಪುಸ್ತಕದ ಕತೆ ಬೆಳೆಯುವುದು ಆ ಗುಂಪಿನ ಸುತ್ತ.

ಉಳಿದ ಎರಡು ಖಗೋಳ ಮತ್ತು ಇತಿಹಾಸ. ಖಗೋಳದ ಕ್ಲಾಸು ಮಧ್ಯರಾತ್ರಿ, ಎತ್ತರದ ಗೋಪುರದ ಮೇಲೆ. ಇತಿಹಾಸದ ಮೇಷ್ಟ್ರು ಬಿನ್ಸ್ ದೆವ್ವ. ಸ್ಟಾಫ್ ರೂಮಿನ ಬೆಂಕಿಯ ಮುಂದೆ ನಿದ್ದೆಹೋದವರು ಬೆಳಗ್ಗೆ ದೇಹ ಅಲ್ಲೇ ಬಿಟ್ಟು ಕ್ಲಾಸಿಗೆ ಬಂದರಂತೆ. ಪಾಠ ಮಾತ್ರ ಹಾಗೇ ಮುಂದುವರಿದಿದೆ, ಮಕ್ಕಳು ಹಾಗೇ ತೂಕಡಿಸುತ್ತಾರೆ.

ಮೂರನೇ ವರ್ಷದಿಂದ ಆಯ್ಕೆ

ಮೂರನೇ ವರ್ಷಕ್ಕೆ ಐದು ಐಚ್ಛಿಕ ವಿಷಯಗಳಲ್ಲಿ ಕನಿಷ್ಠ ಎರಡನ್ನು ಆರಿಸಿಕೊಳ್ಳಬೇಕು. ಡಿವಿನೇಷನ್ ಅಂದರೆ ಭವಿಷ್ಯ ನೋಡುವುದು. ಟೀ ಕುಡಿದ ಕಪ್ಪಿನ ತಳದಲ್ಲಿ ಉಳಿದ ಎಲೆ ನೋಡುವುದು, ಸ್ಫಟಿಕದ ಗೋಳ ದಿಟ್ಟಿಸುವುದು, ಕೈ ನೋಡುವುದು. ಅರಿತ್‌ಮ್ಯಾನ್ಸಿಯೂ ಭವಿಷ್ಯದ್ದೇ, ಆದರೆ ಸಂಖ್ಯೆಗಳ ಲೆಕ್ಕದಿಂದ. ಏನ್ಷಿಯೆಂಟ್ ರೂನ್ಸ್ ಹಳೆಯ ಲಿಪಿಗಳ ಓದು. ‘ಕೇರ್ ಆಫ್ ಮ್ಯಾಜಿಕಲ್ ಕ್ರೀಚರ್ಸ್’ ಮಾಯಾಪ್ರಾಣಿಗಳನ್ನು ಸಾಕುವ ವಿದ್ಯೆ. ಇದರ ಮೇಷ್ಟ್ರು ಹ್ಯಾಗ್ರಿಡ್‌ಗೆ ಪ್ರಾಣಿ ಅಪಾಯಕಾರಿ ಆದಷ್ಟೂ ಪ್ರೀತಿ. ಐದನೆಯದು ಮಗಲ್ ಸ್ಟಡೀಸ್. ಕರೆಂಟು, ಫೋನು ಇಲ್ಲದೆ ಬೆಳೆದ ಮಾಂತ್ರಿಕರ ಮಕ್ಕಳಿಗೆ ನಮ್ಮಂಥವರ ಬದುಕು ಹೇಗಿದೆ ಎಂದು ಹೇಳಿಕೊಡುವ ವಿಷಯ.

ಹರ್ಮಾಯ್ನಿ ಐದನ್ನೂ ತೆಗೆದುಕೊಂಡಳು. ಒಂದೇ ಹೊತ್ತಿಗೆ ಮೂರು ಕ್ಲಾಸು! ಹೇಗೆ ಸಾಧ್ಯ? ಶಾಲೆ ಅವಳಿಗೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಪುಟ್ಟ ಮರಳು ಗಡಿಯಾರ ಕೊಡಿಸಿತ್ತು. ಒಂದು ಕ್ಲಾಸು ಮುಗಿಸಿ, ಗಂಟೆ ಹಿಂದಕ್ಕೆ ಹೋಗಿ, ಇನ್ನೊಂದಕ್ಕೆ ಕೂರುವುದು. ಮೂರನೇ ಪುಸ್ತಕದ ಕ್ಲೈಮ್ಯಾಕ್ಸ್ ನಡೆಯುವುದೇ ಆ ಗಡಿಯಾರದಿಂದ. ವರ್ಷದ ಕೊನೆಗೆ ಅವಳೂ ಸುಸ್ತಾಗಿ ಎರಡು ವಿಷಯ ಕೈಬಿಟ್ಟಳು.

ಪರೀಕ್ಷೆ, ಗ್ರೇಡು, ಕೆಲಸ

ಪ್ರತಿ ವರ್ಷವೂ ಪರೀಕ್ಷೆ ಇದೆ. ಆದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಇದ್ದಂತೆ ಅಲ್ಲಿ ಎರಡು ದೊಡ್ಡ ಗಡಿಗಳು. ಐದನೇ ವರ್ಷದ ಕೊನೆಗೆ ‘ಔಲ್’, ಏಳನೇ ವರ್ಷದ ಕೊನೆಗೆ ‘ನ್ಯೂಟ್’. ಹೊರಗಿನ ಪರೀಕ್ಷಕರು ಬರುತ್ತಾರೆ. ಔಲ್ ಎರಡು ವಾರ ನಡೆಯುತ್ತದೆ, ಬೆಳಗ್ಗೆ ಥಿಯರಿ, ಮಧ್ಯಾಹ್ನ ಪ್ರಾಕ್ಟಿಕಲ್. ಕಾಪಿ ತಡೆಯಲು ಮಂತ್ರ ಹಾಕಿದ ಲೇಖನಿಗಳು. ಇದರ ಮೂಲವೂ ಇಂಗ್ಲೆಂಡಿನಲ್ಲೇ ಇದೆ. ಅಲ್ಲಿ ಹದಿನಾರರ ಹೊತ್ತಿಗೆ ಬರೆಯುತ್ತಿದ್ದ ಓ ಲೆವೆಲ್ ಪರೀಕ್ಷೆ 1988ರಲ್ಲಿ ಬದಲಾಯಿತು, ಹದಿನೆಂಟರ ಎ ಲೆವೆಲ್ ಇವತ್ತಿಗೂ ಇದೆ.

ಪಾಸಿನ ಗ್ರೇಡುಗಳು ಮೂರು: ಔಟ್‌ಸ್ಟ್ಯಾಂಡಿಂಗ್, ಎಕ್ಸೀಡ್ಸ್ ಎಕ್ಸ್‌ಪೆಕ್ಟೇಷನ್ಸ್, ಆಕ್ಸೆಪ್ಟಬಲ್. ಫೇಲೂ ಮೂರು: ಪೂರ್, ಡ್ರೆಡ್‌ಫುಲ್, ಕೊನೆಯದು ಟ್ರೋಲ್. ಟ್ರೋಲ್ ಎಂದರೆ ಅಲ್ಲಿನ ಮಂದಬುದ್ಧಿಯ ರಾಕ್ಷಸ. ನಾಯಕ ಹ್ಯಾರಿ ಎಲ್ಲದರಲ್ಲೂ ಮೊದಲಿಗನೇನಲ್ಲ. ಡಿಫೆನ್ಸ್‌ನಲ್ಲಿ ಮಾತ್ರ ಔಟ್‌ಸ್ಟ್ಯಾಂಡಿಂಗ್. ಭವಿಷ್ಯಶಾಸ್ತ್ರ ಮತ್ತು ಇತಿಹಾಸ ಎರಡರಲ್ಲೂ ಫೇಲ್.

ಔಲ್‌ನಲ್ಲಿ ಬಂದ ಗ್ರೇಡು ನೋಡಿಯೇ ಮುಂದಿನ ಎರಡು ವರ್ಷದ ವಿಷಯ ಸಿಗುತ್ತದೆ. ಅದರ ಮೇಲೆ ಕೆಲಸ ನಿಂತಿದೆ. ಹಾಗಾಗಿ ಐದನೇ ವರ್ಷದಲ್ಲಿ ಒಬ್ಬೊಬ್ಬರನ್ನೇ ಕರೆದು ಮುಂದೆ ಏನಾಗಬೇಕು ಎಂದು ಕೇಳುತ್ತಾರೆ. ಹ್ಯಾರಿಗೆ ‘ಆರರ್’ ಆಗುವ ಆಸೆ, ಅಂದರೆ ದುಷ್ಟ ಮಾಂತ್ರಿಕರನ್ನು ಹಿಡಿಯುವ ಕೆಲಸ. ಅದಕ್ಕೆ ಕನಿಷ್ಠ ಐದು ನ್ಯೂಟ್ ಬೇಕು, ಪೋಷನ್ಸ್ ಕೂಡ ಬೇಕು. ಸ್ನೇಪ್ ಮೇಷ್ಟ್ರು ಔಟ್‌ಸ್ಟ್ಯಾಂಡಿಂಗ್ ಬಂದವರನ್ನು ಮಾತ್ರ ಸೇರಿಸಿಕೊಳ್ಳುವವರು. ಹ್ಯಾರಿಗೆ ಬಂದದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಆಸೆ ಬಿಟ್ಟ ಹುಡುಗ ಪುಸ್ತಕವನ್ನೂ ಕೊಳ್ಳಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಬದಲಾದರು, ಹೊಸಬರು ಆ ಗ್ರೇಡಿಗೂ ಒಪ್ಪಿದರು. ಪುಸ್ತಕ ಇಲ್ಲದ ಹ್ಯಾರಿಗೆ ಕಪಾಟಿನಿಂದ ಯಾರದೋ ಹಳೇ ಪ್ರತಿ ಕೊಟ್ಟರು. ಆರನೇ ಪುಸ್ತಕದ ಇಡೀ ಗುಟ್ಟು ಆ ಹಳೇ ಪ್ರತಿಯ ಅಂಚಿನಲ್ಲಿ ಬರೆದ ಟಿಪ್ಪಣಿಗಳಲ್ಲಿದೆ. ಒಂದು ಅಡ್ಮಿಷನ್ ರೂಲಿನಿಂದ ಹುಟ್ಟಿದ ಕತೆ!

ಆರನೇ ವರ್ಷದಲ್ಲಿ ಇನ್ನೊಂದು ಕೋರ್ಸ್ ಇದೆ. ‘ಆಪರೇಷನ್’ ಎಂದು ಓದಿಕೊಳ್ಳಬೇಡಿ, ‘ಆಪರಿಷನ್’. ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುವುದು. 12 ವಾರದ ತರಬೇತಿ, 12 ಗ್ಯಾಲಿಯನ್ ಫೀಸು. ಗ್ಯಾಲಿಯನ್ ಅವರ ಚಿನ್ನದ ನಾಣ್ಯ. 17 ತುಂಬಿದ ಮೇಲೆ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಗಮನ ತಪ್ಪಿದರೆ ದೇಹದ ಒಂದು ಭಾಗ ಹಿಂದೆಯೇ ಉಳಿಯುತ್ತದೆ. ಮೊದಲ ಕ್ಲಾಸಿನಲ್ಲೇ ಒಬ್ಬ ಹುಡುಗಿಯ ಕಾಲು ಹಿಂದೆ ಉಳಿಯಿತು. ರಾನ್ ಪರೀಕ್ಷೆಯಲ್ಲಿ ಫೇಲಾದದ್ದು ಅರ್ಧ ಹುಬ್ಬು ಬಿಟ್ಟುಬಂದದ್ದಕ್ಕೆ.

ಆಟ ಮತ್ತು ಕ್ಲಬ್ಬುಗಳು

ಪೊರಕೆ ಹಾರಿಸುವ ಪಾಠ ಮೊದಲ ವರ್ಷದಲ್ಲೇ ಇದೆ. ಅದರ ಮೇಲೆ ನಿಂತಿರುವುದು ಕ್ವಿಡಿಚ್ ಆಟ. ತಂಡಕ್ಕೆ ಏಳು ಜನ, ಒಟ್ಟು ನಾಲ್ಕು ಚೆಂಡು. ಮೂವರು ಚೇಸರ್‌ಗಳು ಕ್ವಾಫಲ್ ಎಂಬ ದೊಡ್ಡ ಚೆಂಡನ್ನು ಎದುರಿನ ಮೂರು ಬಳೆಗಳಲ್ಲಿ ಒಂದಕ್ಕೆ ತೂರಿಸಿದರೆ 10 ಅಂಕ. ಒಬ್ಬ ಕೀಪರ್ ತಡೆಯುತ್ತಾನೆ. ಬ್ಲಡ್ಜರ್ ಎಂಬ ಎರಡು ಚೆಂಡುಗಳು ತಾವಾಗಿಯೇ ಆಟಗಾರರಿಗೆ ಗುದ್ದಲು ಬರುತ್ತವೆ, ಇಬ್ಬರು ಬೀಟರ್‌ಗಳು ಅವನ್ನು ಬ್ಯಾಟಿನಿಂದ ಓಡಿಸಬೇಕು. ಕೊನೆಯವನು ಸೀಕರ್. ಆಕ್ರೋಡಿನ ಗಾತ್ರದ, ರೆಕ್ಕೆಯ ಚಿನ್ನದ ಚೆಂಡು ‘ಸ್ನಿಚ್’ ಹಿಡಿಯುವುದೊಂದೇ ಅವನ ಕೆಲಸ. ಹಿಡಿದರೆ 150 ಅಂಕ, ಆಟವೂ ಅಲ್ಲಿಗೆ ಮುಗಿಯಿತು. ಅಷ್ಟು ದೊಡ್ಡ ಅಂಕ ಒಬ್ಬನ ಕೈಗೆ ಕೊಟ್ಟರೆ ಉಳಿದ ಆರು ಜನ ಯಾಕೆ ಬೇಕು ಎಂದು ಮಕ್ಕಳು ಕೇಳಿದರೆ, ಪ್ರಶ್ನೆ ಸರಿಯಾಗಿಯೇ ಇದೆ. 150ಕ್ಕಿಂತ ಹೆಚ್ಚು ಹಿಂದಿದ್ದಾಗ ಸ್ನಿಚ್ ಹಿಡಿದವರು ಸೋಲುತ್ತಾರೆ ಎಂಬುದಷ್ಟೇ ಉತ್ತರ.

2005ರಲ್ಲಿ ಅಮೆರಿಕದ ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನ ಹುಡುಗರು ಇದನ್ನು ನೆಲದ ಮೇಲೆ, ಕಾಲಿನ ನಡುವೆ ಕೋಲು ಸಿಕ್ಕಿಸಿಕೊಂಡು ಓಡುತ್ತಾ ಆಡಲು ಶುರು ಮಾಡಿದರು. ಹಲವು ದೇಶಗಳಿಗೆ ಹಬ್ಬಿತು. 2022ರಿಂದ ಅದರ ಹೆಸರು ಕ್ವಾಡ್‌ಬಾಲ್.

ಶಾಲೆಯಲ್ಲಿ ವರ್ಷವಿಡೀ ಅಂಕಗಳ ಲೆಕ್ಕ ನಡೆದೇ ಇರುತ್ತದೆ. ಉತ್ತರ ಹೇಳಿದರೆ ಹೌಸಿಗೆ ಅಂಕ, ರಾತ್ರಿ ಹೊರಗೆ ಅಲೆದರೆ ಕಡಿತ. ಜಾಸ್ತಿ ಬಂದವರಿಗೆ ಹೌಸ್ ಕಪ್. ಗೋಲಿಯಾಟದಂಥ ಗಾಬ್‌ಸ್ಟೋನ್ಸ್‌ಗೆ ಕ್ಲಬ್ ಇದೆ, ಚಾರ್ಮ್ಸ್‌ಗೂ ಇದೆ. ದ್ವಂದ್ವಯುದ್ಧದ ಕ್ಲಬ್ ಒಂದು ಸಲ ಶುರುವಾಗಿ ಎಡವಟ್ಟಾಯಿತು. ಮೂರನೇ ವರ್ಷದಿಂದ ಕೆಲವು ವಾರಾಂತ್ಯ ಪಕ್ಕದ ಹಾಗ್ಸ್‌ಮೀಡ್ ಹಳ್ಳಿಗೆ ಹೋಗಬಹುದು, ಆದರೆ ಮನೆಯವರ ಸಹಿ ಬೇಕು.

ಪಟ್ಟಿಯಲ್ಲಿ ಇಲ್ಲದ್ದು, ರಜೆಯಲ್ಲಿ ಮಾಡಬಾರದ್ದು

ಗಣಿತ, ವಿಜ್ಞಾನ, ಭಾಷೆ ಯಾವುದೂ ಈ ಪಟ್ಟಿಯಲ್ಲಿಲ್ಲ. ಹನ್ನೊಂದರ ಹೊತ್ತಿಗೆ ಏನು ಕಲಿತಿರುತ್ತಾರೋ ಅಷ್ಟೇ. ಆದರೂ ಪುಟಗಟ್ಟಲೆ ಪ್ರಬಂಧ ಬರೆಯಬೇಕು, ಉದ್ದವನ್ನು ಚರ್ಮದ ಸುರುಳಿಯ ಇಂಚು ಅಡಿಯಲ್ಲಿ ಅಳೆಯುತ್ತಾರೆ.

ರಜೆಗೂ ಹೋಮ್‌ವರ್ಕ್ ಉಂಟು, ಆದರೆ ಅಭ್ಯಾಸ ಮಾಡುವಂತಿಲ್ಲ. 17 ತುಂಬುವವರೆಗೆ ಶಾಲೆಯ ಹೊರಗೆ ಮಂತ್ರ ಹಾಕುವುದು ಕಾನೂನಿಗೆ ವಿರುದ್ಧ. ಆದರೆ ಮಾಂತ್ರಿಕರ ಸರ್ಕಾರಕ್ಕೆ ಮಂತ್ರ ಎಲ್ಲಿ ನಡೆಯಿತು ಎಂದು ಮಾತ್ರ ಗೊತ್ತಾಗುತ್ತದೆ, ಯಾರು ಹಾಕಿದರು ಎಂದಲ್ಲ. ಎರಡನೇ ಪುಸ್ತಕದಲ್ಲಿ ಹ್ಯಾರಿಯ ದೊಡ್ಡಮ್ಮನ ಮನೆಗೆ ನುಸುಳಿದ ಒಂದು ಕುಳ್ಳ ಜೀವಿ ಸಿಹಿತಿಂಡಿಯ ತಟ್ಟೆಯನ್ನು ಗಾಳಿಯಲ್ಲಿ ತೇಲಿಸಿ ಕೆಡವುತ್ತದೆ. ಆ ಮನೆಯಲ್ಲಿ ಮಾಂತ್ರಿಕ ಅಂತ ಇರುವವನು ಹ್ಯಾರಿ ಒಬ್ಬನೇ. ನೋಟಿಸು ನೇರ ಅವನಿಗೇ ಬರುತ್ತದೆ. ಅದೇ ಮಾಂತ್ರಿಕರ ಮನೆಯಲ್ಲಾದರೆ ಮಂತ್ರ ಹಾಕಿದ್ದು ಅಪ್ಪನೋ ಮಗನೋ ಹೇಳಲಾಗದು. ಅಲ್ಲಿ ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡುವ ಕೆಲಸವನ್ನು ಸರ್ಕಾರ ಮನೆಯವರಿಗೇ ಬಿಟ್ಟಿದೆ.